ಹಳೆ ಪಿನ್‌ಬಾಲ್: ರೆಕ್ಟಿಫೈಯರ್ ಬೋರ್ಡ್ ಹೊಸದು ಹಾಕಿದರೂ ಆಟದ ಮಧ್ಯೆ ರೀಸೆಟ್

ಪ್ರಶ್ನೆ:
1980ರ ಬ್ಯಾಲಿ ಮಷೀನ್. ಟ್ರಾನ್ಸ್‌ಫಾರ್ಮರ್ ಜೊತೆಗಿರುವ ಎಎಸ್-2518-18 ರೆಕ್ಟಿಫೈಯರ್ ಬೋರ್ಡ್ (ಎಸಿಯನ್ನು ಡಿಸಿ ಮಾಡುವ ಬೋರ್ಡ್) ಶಾಖಕ್ಕೆ ಕಂದಿಹೋಗಿತ್ತು. ಅದೇ ಅಳತೆಯ ಹೊಸ ಬೋರ್ಡ್ ಕೂರಿಸಿದೆ. ಫ್ಯೂಸ್ ಯಾವುದೂ ಹಾರುತ್ತಿಲ್ಲ. ಎಂಪಿಯು (ಆಟ ನಡೆಸುವ ಮೈಕ್ರೋಪ್ರೊಸೆಸರ್) ಬೋರ್ಡಿನ ಎಲ್‌ಇಡಿ ಏಳೂ ಸಲ ಮಿನುಗಿ ಆಟ ಶುರುವಾಗುತ್ತದೆ. ಆದರೆ ಎರಡೂ ಫ್ಲಿಪ್ಪರ್ ಒಟ್ಟಿಗೆ ಒತ್ತಿದರೆ ರೀಸೆಟ್. ಹೊಸ ಬೋರ್ಡೇ ಸರಿಯಿಲ್ಲವೇ? ಇನ್ನೊಂದು ತರಿಸಲೇ?

ಉತ್ತರ:
ಸದ್ಯಕ್ಕೆ ತರಿಸಬೇಡಿ ಸರ್. ಏಳನೇ ಮಿನುಗು ಬರಬೇಕಾದರೆ ಸೊಲೆನಾಯ್ಡ್‌ಗಳ (ಫ್ಲಿಪ್ಪರ್ ಮುಂತಾದವನ್ನು ಎಳೆಯುವ ಕಾಯಿಲ್‌ಗಳ) 43 ವೋಲ್ಟ್ ಸಪ್ಲೈ ಇರಲೇಬೇಕು. ಅದು ಬರುತ್ತಿದೆ ಅಂದರೆ ಬೋರ್ಡ್ ಬಹುಮಟ್ಟಿಗೆ ಕೆಲಸ ಮಾಡುತ್ತಿದೆ. ಇನ್ನೊಂದು ವಿಷಯ, ಎಂಪಿಯುಗೆ ಬೇಕಾದ 5 ವೋಲ್ಟ್ ಈ ಬೋರ್ಡಿನಲ್ಲಿ ತಯಾರಾಗುವುದೇ ಇಲ್ಲ. ಇಲ್ಲಿಂದ ಹೊರಡುವುದು ಸುಮಾರು 11.9 ವೋಲ್ಟ್ ಡಿಸಿ. ಅದು ಸೊಲೆನಾಯ್ಡ್ ಡ್ರೈವರ್ ಬೋರ್ಡಿಗೆ ಹೋಗಿ, ಸಿ23 ಎಂಬ ದೊಡ್ಡ ಕೆಪಾಸಿಟರಿನಲ್ಲಿ ಸಮವಾಗಿ, ಎಲ್‌ಎಂ323ಕೆ ರೆಗ್ಯುಲೇಟರ್ ಮೂಲಕ 5 ವೋಲ್ಟ್ ಆಗುತ್ತದೆ. ಈ ದಾರಿಯಲ್ಲಿ ಎಲ್ಲೋ ವೋಲ್ಟೇಜ್ ಸೋರುತ್ತಿದೆ.

ಮಷೀನ್ ಆನ್ ಇರುವಾಗಲೇ, ಲೋಡ್ ಇರುವಾಗಲೇ ಅಳೆಯಿರಿ. ಒಂದು ಪ್ರೋಬ್ ರೆಕ್ಟಿಫೈಯರ್ ಬೋರ್ಡಿನ ಟಿಪಿ (ಟೆಸ್ಟ್ ಪಾಯಿಂಟ್) 3ಕ್ಕೆ, ಇನ್ನೊಂದು ಡ್ರೈವರ್ ಬೋರ್ಡಿನ ಟಿಪಿ 5ಕ್ಕೆ. ಎರಡೂ ಒಂದೇ 11.9ರ ಎರಡು ತುದಿ, ಹಾಗಾಗಿ ಮೀಟರ್ ತೋರಿಸುವುದು ನಡುವಿನ ತಂತಿ ಮತ್ತು ಕನೆಕ್ಟರ್‌ಗಳು ನುಂಗುವ ವೋಲ್ಟೇಜ್. ಗ್ರೌಂಡ್‌ನಿಂದ ಗ್ರೌಂಡ್‌ಗೂ ಹಾಗೇ ಅಳೆಯಿರಿ. ಆಮೇಲೆ ಮೀಟರನ್ನು ಎಸಿಗೆ ತಿರುಗಿಸಿ ಸಿ23ರ ಎರಡು ಕಾಲುಗಳ ಮೇಲೆ ಒಂದು ರೀಡಿಂಗ್ ತೆಗೆದುಕೊಳ್ಳಿ. ಇವೇ ಬೋರ್ಡುಗಳ ಮೇಲೆ 230 ವೋಲ್ಟ್ ಡಿಸಿ ಕೂಡ ಇದೆ, ಜೀವ ತೆಗೆಯುವಷ್ಟು. ಆಫ್ ಮಾಡಿ ಕ್ಲಿಪ್ ಹಾಕಿ, ಕೈ ತೆಗೆದು ಆನ್ ಮಾಡಿ.

ಪ್ರಶ್ನೆ ಕೇಳಿದವರು:
ಟಿಪಿ 3ರಲ್ಲಿ 11.8, ಟಿಪಿ 5ರಲ್ಲಿ 10.4. ಟಿಪಿಯಿಂದ ಟಿಪಿಗೆ 0.9, ಗ್ರೌಂಡ್‌ನಿಂದ ಗ್ರೌಂಡ್‌ಗೆ 0.5. ಸಿ23 ಮೇಲೆ ಎಸಿ 1.3 ವೋಲ್ಟ್.

ಉತ್ತರ:
ಲೆಕ್ಕ ಸರಿಹೋಯಿತು. 11.8ರಲ್ಲಿ 0.9 ಮತ್ತು 0.5 ಕಳೆದರೆ 10.4. ಹೊಸ ಬೋರ್ಡಿಗೆ ಹಳೆಯ ಪ್ಲಗ್‌ಗಳನ್ನೇ ಚುಚ್ಚಿದ್ದೀರಿ ಅಲ್ಲವೇ? ಪ್ಲಗ್ ಬಿಚ್ಚಿ ಒಳಗಿನ ಪಿನ್ ನೋಡಿ. ತವರದ ಹೊಳಪು ಹೋಗಿ ಬೂದು ಬಣ್ಣಕ್ಕೆ ತಿರುಗಿದ್ದರೆ, ಪ್ಲಾಸ್ಟಿಕ್ ತೂತಿನ ಅಂಚು ಕಂದಾಗಿದ್ದರೆ, ಪಿನ್ನಿನ ಬಿಗಿ ಹೋಗಿದೆ ಎಂದೇ ಅರ್ಥ. 0.1 ಓಮ್ ಎಂದರೆ ಏನೂ ಅಲ್ಲ ಅನ್ನಿಸುತ್ತದೆ. ದೀಪಗಳ ಸಾಲಿನಲ್ಲಿ 10 ಆಂಪ್ ಹರಿದರೆ ಆ ಒಂದೇ ಪಿನ್ ಮೇಲೆ 10 ವ್ಯಾಟ್ ಶಾಖ! ಹಾಗೇ ಬಿಟ್ಟರೆ ಹೊಸ ಬೋರ್ಡಿನ ಪಿನ್ನೂ ಸುಡುತ್ತದೆ. ಉಪ್ಪುಕಾಗದದಿಂದ ಉಜ್ಜುವುದು ಬೇಡ, ಇರುವ ಲೇಪನವೂ ಹೋಗುತ್ತದೆ. 3.96 ಮಿಲಿಮೀಟರ್ ಅಂತರದ ಹೊಸ ಹೌಸಿಂಗ್, ಮೂರು ಕಡೆ ಹಿಡಿಯುವ ಟ್ರೈಫರ್ಕಾನ್ ಪಿನ್, ಸರಿಯಾದ ಕ್ರಿಂಪಿಂಗ್ ಟೂಲ್. ಡ್ರೈವರ್ ಬೋರ್ಡಿನ ಕಡೆ ಬೋರ್ಡಿನ ಪಿನ್ನುಗಳನ್ನೂ ಬದಲಿಸಿ.

ಇನ್ನು ಸಿ23. ಮೂಲ 11,700 ಮೈಕ್ರೋಫ್ಯಾರಡ್, 20 ವೋಲ್ಟ್. ಇಷ್ಟು ವರ್ಷಕ್ಕೆ ಒಣಗಿದೆ, 1.3 ವೋಲ್ಟ್ ಎಸಿ ಅದನ್ನೇ ಹೇಳುತ್ತಿದೆ. ಅಂದರೆ 10.4 ಎಂದು ಕಂಡರೂ ಅಲೆಯ ತಗ್ಗಿನಲ್ಲಿ ವೋಲ್ಟೇಜ್ ಸುಮಾರು 8ಕ್ಕೆ ಇಳಿಯುತ್ತಿದೆ. ಎಲ್‌ಎಂ323ಕೆಗೆ ಕನಿಷ್ಠ 7.5ರ ಆಸುಪಾಸು ಬೇಕು. ಫ್ಲಿಪ್ಪರ್ ಕಾಯಿಲ್‌ಗಳು ಒಮ್ಮೆಗೇ ಎಳೆದಾಗ ಆ ಅಲ್ಪ ಅಂತರವೂ ಹೋಗಿ 5 ವೋಲ್ಟ್ ಕುಸಿಯುತ್ತದೆ. 15,000 ಮೈಕ್ರೋಫ್ಯಾರಡ್, 25 ವೋಲ್ಟಿನದು ಹಾಕಿ. ಅದೇ ಕೈಯಲ್ಲಿ ಡ್ರೈವರ್ ಬೋರ್ಡಿನ ಹಿಂದೆ ಅದರದೇ ಟಿಪಿ 1 ಮತ್ತು ಟಿಪಿ 3ಕ್ಕೆ ಒಂದು ತಂತಿ ಬೆಸೆದುಬಿಡಿ, 5 ವೋಲ್ಟ್ ಕನೆಕ್ಟರನ್ನೇ ನಂಬಿ ಕೂರಬೇಕಾಗುವುದಿಲ್ಲ.

ಇನ್ನೊಬ್ಬರು:
ದೀಪದ ಮಾತು ಬಂತು ಅಂತ ಸೇರಿಸುತ್ತೇನೆ. 44 ನಂಬರ್ ಬಲ್ಬ್ 250 ಮಿಲಿಆಂಪ್ ಎಳೆಯುತ್ತದೆ, 47 ನಂಬರಿನದು 150. ನಲವತ್ತು ಬಲ್ಬಿಗೆ 10 ಆಂಪ್ ಎಲ್ಲಿ, 6 ಆಂಪ್ ಎಲ್ಲಿ! ಬೆಳಕು ತುಸು ಕಡಿಮೆ, ಆದರೆ ಪಿನ್ನುಗಳು ಬದುಕುತ್ತವೆ.

ಈ ಬೋರ್ಡ್ ಬದಲಿಸಲು ಹೊರಟಿರುವ ಇತರರಿಗೆ: ಟ್ರಾನ್ಸ್‌ಫಾರ್ಮರ್ ತಂತಿಗಳು ಬೋರ್ಡಿಗೆ ನೇರ ಬೆಸುಗೆಯಾಗಿರುತ್ತವೆ. ಬಿಚ್ಚುವ ಮೊದಲೇ ಒಂದೊಂದಕ್ಕೂ ಚೀಟಿ ಕಟ್ಟಿ, ಫೋಟೋ ತೆಗೆಯಿರಿ. ಮೊದಲ ಸಲ ಆನ್ ಮಾಡುವಾಗ ಹೊರಹೋಗುವ ಪ್ಲಗ್ ಯಾವುದನ್ನೂ ಹಾಕಬೇಡಿ, ಎಲ್ಲ ಟಿಪಿ ಅಳೆದ ಮೇಲೆಯೇ ಹಾಕಿ.

ಪ್ರಶ್ನೆ ಕೇಳಿದವರು:
ಪ್ಲಗ್, ಪಿನ್, ಸಿ23 ಎಲ್ಲ ಬದಲಿಸಿದೆ. ಟಿಪಿಯಿಂದ ಟಿಪಿಗೆ ಈಗ 0.05, ಸಿ23 ಮೇಲೆ ಎಸಿ 0.4. ಫ್ಲಿಪ್ಪರ್ ಎಷ್ಟು ಬಡಿದರೂ ರೀಸೆಟ್ ಇಲ್ಲ. ತುಂಬಾ ಧನ್ಯವಾದ. ಡ್ರೈವರ್ ಬೋರ್ಡಿನ ಟಿಪಿ 2ರಲ್ಲಿ 194 ವೋಲ್ಟ್ ಇದೆ, ಹಾಗೇ ಬಿಡಲೇ?

ಉತ್ತರ:
ಅದು ಡಿಸ್‌ಪ್ಲೇಗಳಿಗೆ ಹೋಗುವ ಸಪ್ಲೈ. ಮೂಲ ಅಳತೆ 190. ಹಳೆ ಗಾಜಿನ ಡಿಸ್‌ಪ್ಲೇ ಇನ್ನೂ ಉಳಿದಿದ್ದರೆ 170-175ಕ್ಕೆ ಇಳಿಸಿ, ಅಂಕಿಗಳು ಚೆನ್ನಾಗಿಯೇ ಕಾಣುತ್ತವೆ, ಬಾಳಿಕೆಯೂ ಹೆಚ್ಚು. ಡ್ರೈವರ್ ಬೋರ್ಡಿನ ಮೇಲೆ ಒಂದು ಸಣ್ಣ ಪಾಟ್ (ತಿರುಗಿಸಿ ಹೊಂದಿಸುವ ರೆಸಿಸ್ಟರ್) ಇದೆ, ಪ್ಲಾಸ್ಟಿಕ್ ಸ್ಕ್ರೂಡ್ರೈವರಿನಿಂದ ನಿಧಾನವಾಗಿ ತಿರುಗಿಸಿ. ತಿರುಗಿಸಿದರೂ ವೋಲ್ಟೇಜ್ ಕದಲದಿದ್ದರೆ ಆ ಭಾಗದ ಟ್ರಾನ್ಸಿಸ್ಟರ್ ನೋಡಬೇಕಾಗುತ್ತದೆ, ಆಗ ಇಲ್ಲೇ ಬರೆಯಿರಿ.