ಹಿಂದಿನಿಂದ ಗುದ್ದಿದ್ದು ನಾವೇ ಆದರೆ ಇನ್ಶೂರೆನ್ಸ್ ಕ್ಲೈಮ್ ಮಾಡಬೇಕಾ, ಬೇಡವಾ?

ಕೇಳಿದವರು, ಬೋಗಾದಿಯಿಂದ

ನಿನ್ನೆ ಸಂಜೆ ರಿಂಗ್ ರೋಡ್ ಸಿಗ್ನಲ್‌ನಲ್ಲಿ ನಿಂತಿದ್ದ ಕಾರಿಗೆ ನನ್ನ ಕಾರು ಹಿಂದಿನಿಂದ ತಗುಲಿತು. ತಪ್ಪು ನನ್ನದೇ. ಯಾರಿಗೂ ಪೆಟ್ಟಾಗಿಲ್ಲ. ಅವರ ಡಿಕ್ಕಿ ಬಾಗಿಲು ಒಳಕ್ಕೆ ಹೋಗಿದೆ, ಒಂದು ಟೇಲ್ ಲ್ಯಾಂಪ್ ಒಡೆದಿದೆ. ನನ್ನದು ಮುಂದಿನ ಬಂಪರ್ ಸೀಳಿದೆ. ಹದಿನೈದು ಸಾವಿರ ಕೊಡಿ, ಇಲ್ಲಾಂದ್ರೆ ತಪ್ಪು ನಿಮ್ಮದೇ ಅಂತ ಬರೆದುಕೊಡಿ ಅಂತ ಪಟ್ಟು ಹಿಡಿದಿದ್ದಾರೆ. ನನ್ನದು ಫುಲ್ ಇನ್ಶೂರೆನ್ಸ್, ಐದು ವರ್ಷದಿಂದ ಒಂದು ಕ್ಲೈಮೂ ಮಾಡಿಲ್ಲ. ಆದರೆ ತಪ್ಪು ನಮ್ಮದಾದರೆ ಇನ್ಶೂರೆನ್ಸ್ ಬರಲ್ಲ ಅಂತ ಪಕ್ಕದ ಮನೆಯವರು ಹೇಳ್ತಿದ್ದಾರೆ. ಅನುಭವ ಇರುವವರು ದಯವಿಟ್ಟು ತಿಳಿಸಿ.

ಕುವೆಂಪುನಗರದಿಂದ

ಮೇಡಂ, ಪಕ್ಕದ ಮನೆಯವರ ಮಾತನ್ನು ಮೊದಲು ತಲೆಯಿಂದ ತೆಗೆದುಬಿಡಿ. ಫುಲ್ ಇನ್ಶೂರೆನ್ಸ್ ಅಂದರೆ ಎರಡು ಭಾಗ. ಓನ್ ಡ್ಯಾಮೇಜ್ ಇರುವುದು ನಿಮ್ಮ ಕಾರಿಗೆ. ತಪ್ಪು ಯಾರದಾದರೂ ಅದು ಸಿಗುತ್ತದೆ. ಕುಡಿದು ಓಡಿಸಿದ್ದರೆ, ಲೈಸೆನ್ಸ್ ಇಲ್ಲದವರ ಕೈಗೆ ಕೊಟ್ಟಿದ್ದರೆ, ಸ್ವಂತದ ಕಾರನ್ನು ಬಾಡಿಗೆಗೆ ಬಿಟ್ಟಿದ್ದರೆ ಕಂಪನಿಯವರು ಕೈ ಎತ್ತುತ್ತಾರೆ. ನಿಮ್ಮದು ಅಂಥದ್ದೇನೂ ಅಲ್ಲವಲ್ಲ.

ಅವರ ಕಾರಿನದು ಎರಡನೇ ಭಾಗಕ್ಕೆ, ಅಂದರೆ ನಿಮ್ಮಿಂದ ಬೇರೆಯವರಿಗೆ ಆದ ಹಾನಿಗಿರುವ ಥರ್ಡ್ ಪಾರ್ಟಿಗೆ ಬರುತ್ತದೆ. ಸಾಮಾನ್ಯವಾಗಿ ಇನ್ನೊಬ್ಬರ ಆಸ್ತಿಗೆ ಆದ ಹಾನಿಗೆ 7.5 ಲಕ್ಷದವರೆಗೆ ರಕ್ಷಣೆ ಇರುತ್ತದೆ. ಆದರೆ ಆ ದಾರಿ ಪೊಲೀಸ್ ದೂರು, ಮೋಟಾರು ಅಪಘಾತ ಪರಿಹಾರ ನ್ಯಾಯಮಂಡಳಿ ಅಂತ ಹೋಗುತ್ತದೆ. ಒಂದು ಟೇಲ್ ಲ್ಯಾಂಪಿಗೆ ಯಾರೂ ಕೋರ್ಟ್ ಮೆಟ್ಟಿಲು ಹತ್ತಲ್ಲ. ಹಾಗಾಗಿ ನಮ್ಮೂರಲ್ಲಿ ನಡೆಯುವುದು ಎರಡು ಥರ. ಅವರು ಅವರದೇ ಪಾಲಿಸಿಯಲ್ಲಿ ರಿಪೇರಿ ಮಾಡಿಸಿಕೊಳ್ಳುತ್ತಾರೆ, ಅವರ ಕೈಯಿಂದ ಹೋಗುವಷ್ಟನ್ನು ನೀವು ಕೊಡುತ್ತೀರಿ. ಇಲ್ಲವೇ ರಿಪೇರಿ ಖರ್ಚು ಪೂರ್ತಿ ನಿಮ್ಮದು. ಎರಡನೆಯದಕ್ಕೆ ಒಪ್ಪಿದರೆ ದುಡ್ಡನ್ನು ಅವರ ಕೈಗೆ ಕೊಡಬೇಡಿ, ಗ್ಯಾರೇಜಿಗೆ ಕಟ್ಟಿ. ನಮ್ಮ ತಮ್ಮನಿಗೆ ಹೀಗೇ ಆದಾಗ, ಎದುರಿನವರ ಜೊತೆಗೇ ಬನ್ನಿಮಂಟಪದ ಕಡೆಯ ಒಂದು ಗ್ಯಾರೇಜಿಗೆ ಹೋಗಿ ಎಸ್ಟಿಮೇಟ್ ಹಾಕಿಸಿದೆವು. ರಸ್ತೆಯಲ್ಲಿ ಕೇಳಿದ್ದರ ಅರ್ಧಕ್ಕೂ ಕಮ್ಮಿ ಬಂತು. ಅವರೂ ಮೋಸ ಮಾಡಲು ಕೇಳಿದ್ದಲ್ಲ, ಗಾಬರಿಯಲ್ಲಿ ಬಾಯಿಗೆ ಬಂದ ಅಂಕಿ ಅದು.

ಬರೆದುಕೊಡುವ ವಿಷಯಕ್ಕೆ ಬರೋಣ. ತಪ್ಪು ನನ್ನದು ಅಂತ ದಯವಿಟ್ಟು ಬರೆದುಕೊಡಬೇಡಿ. ಕಂಪನಿಯ ಲಿಖಿತ ಒಪ್ಪಿಗೆ ಇಲ್ಲದೆ ತಪ್ಪೊಪ್ಪಿಗೆ, ಭರವಸೆ, ಹಣ ಯಾವುದನ್ನೂ ಕೊಡಬಾರದು ಅಂತ ಪಾಲಿಸಿಯ ಷರತ್ತಿನಲ್ಲೇ ಇದೆ. ಹೀಗಾಗಿ ಏನು ಕೊಡುವುದಿದ್ದರೂ ಮೊದಲು ಕಸ್ಟಮರ್ ಕೇರ್‌ಗೆ ಫೋನ್ ಮಾಡಿ ನಡೆದದ್ದನ್ನು ಹೇಳಿ, ಒಂದು ಮೇಲ್ ಹಾಕಿ ಲಿಖಿತ ಒಪ್ಪಿಗೆ ಕೇಳಿ. ಕೈಯಿಂದ ಕೊಟ್ಟ ಹಣ ಕಂಪನಿಯಿಂದ ವಾಪಸ್ ಬರುತ್ತದೆ ಅನ್ನುವ ಆಸೆ ಬೇಡ. ಕೊಟ್ಟ ಮೇಲೆ, ರಿಪೇರಿ ಖರ್ಚು ಪೂರ್ತಿ ಸಂದಾಯವಾಗಿದೆ, ಇನ್ನು ಕೇಳುವುದೇನೂ ಇಲ್ಲ ಅಂತ ಅವರಿಂದ ಎರಡು ಸಾಲು ಬರೆಸಿಕೊಳ್ಳಿ.

ಈಗ ನಿಮ್ಮ ಬಂಪರ್. ಇಲ್ಲಿ ಪೆನ್ನು ಪೇಪರ್ ಹಿಡಿದು ಕೂರಬೇಕು. ಐದು ವರ್ಷ ಕ್ಲೈಮ್ ಇಲ್ಲ ಅಂದರೆ ನಿಮಗೆ 50% ನೋ ಕ್ಲೈಮ್ ಬೋನಸ್ ಇದೆ, ಅಂದರೆ ಕ್ಲೈಮ್ ಮಾಡದ್ದಕ್ಕೆ ಓನ್ ಡ್ಯಾಮೇಜ್ ಪ್ರೀಮಿಯಂನಲ್ಲಿ ಸಿಗುವ ರಿಯಾಯಿತಿ. ಓನ್ ಡ್ಯಾಮೇಜ್ ಪ್ರೀಮಿಯಂ ಮೂಲದಲ್ಲಿ 9,000 ಅಂತ ಇಟ್ಟುಕೊಳ್ಳಿ, ನೀವು ಕಟ್ಟುತ್ತಿರುವುದು 4,500. ಈಗ ಕ್ಲೈಮ್ ಮಾಡಿದರೆ ಮುಂದಿನ ವರ್ಷ ಪೂರ್ತಿ 9,000. ಅಲ್ಲಿಗೇ ಮುಗಿಯಲ್ಲ. ಆಮೇಲೆ ಬೋನಸ್ ಮತ್ತೆ 20, 25, 35, 45 ಅಂತ ಮೆಟ್ಟಿಲು ಮೆಟ್ಟಿಲಾಗಿ ಏರಿ 50ಕ್ಕೆ ಬರಬೇಕು. ಪ್ರತಿ ವರ್ಷ ಹೆಚ್ಚಾಗಿ ಕಟ್ಟುವುದು 4,500, 2,700, 2,250, 1,350, 450. ಒಟ್ಟು 11,250, ಅದರ ಮೇಲೆ ಜಿಎಸ್‌ಟಿ. ಕಾರಿನ ಬೆಲೆ ಇಳಿದ ಹಾಗೆ ಪ್ರೀಮಿಯಂ ಸ್ವಲ್ಪ ಇಳಿಯಬಹುದು, ಆದರೂ ಸುಮಾರು ಅಷ್ಟು.

ಕೈಗೆ ಬರುವುದೆಷ್ಟು ಅಂತಲೂ ನೋಡಿ. ಬಂಪರ್ 6,000, ಪೇಂಟ್ 3,600, ಕೂಲಿ 1,400, ಒಟ್ಟು 11,000 ಅಂತ ಹಿಡಿಯಿರಿ. ಬಂಪರ್ ಪ್ಲಾಸ್ಟಿಕ್, ಸವಕಳಿ ಅಂತ ಅರ್ಧ ಹೊಡೆಯುತ್ತಾರೆ. ಪೇಂಟ್ ಬಿಲ್ಲಿನ ಕಾಲುಭಾಗವನ್ನು ಸಾಮಗ್ರಿ ಅಂತ ಹಿಡಿದು ಅದರಲ್ಲೂ ಅರ್ಧ, ಅಂದರೆ 450. ಜೊತೆಗೆ ಕಡ್ಡಾಯ ಕಡಿತ, 1500 ಸಿಸಿ ಒಳಗಿನ ಕಾರಿಗೆ 1,000, ಅದಕ್ಕಿಂತ ದೊಡ್ಡದಕ್ಕೆ 2,000. ಚಿಕ್ಕ ಕಾರು ಅಂದುಕೊಂಡರೂ ಬರುವುದು 6,550. ಅಷ್ಟಕ್ಕೋಸ್ಕರ ಹನ್ನೊಂದು ಸಾವಿರ ಕಳೆದುಕೊಳ್ಳುವುದು ಯಾವ ಲೆಕ್ಕ? ನಾನಾಗಿದ್ದರೆ ಬಂಪರನ್ನು ಕೈಯಿಂದಲೇ ಮಾಡಿಸುತ್ತಿದ್ದೆ.

ಹೆಬ್ಬಾಳದಿಂದ

ನಾನು ಬಾಡಿ ಶಾಪ್‌ನಲ್ಲಿ ಕೆಲಸ ಮಾಡುವವನು. ಮೇಲಿನ ಸರ್ ಹಾಕಿರುವ ಲೆಕ್ಕ ಸರಿ, ಆದರೆ ಬಂಪರ್ ಬಿಚ್ಚದೆ ಆ ಲೆಕ್ಕ ಹಾಕಬಾರದು. ಹೊರಗಿಂದ ಸೀಳು ಮಾತ್ರ ಕಾಣುತ್ತೆ. ಬಿಚ್ಚಿ ನೋಡಿದರೆ ಹೆಡ್‌ಲೈಟಿನ ಲಾಕು ಮುರಿದಿರುತ್ತೆ, ಒಳಗಿನ ಕಬ್ಬಿಣದ ಪಟ್ಟಿ ಬಗ್ಗಿರುತ್ತೆ, ರೇಡಿಯೇಟರ್ ಹಿಂದಕ್ಕೆ ಸರಿದು ಸಣ್ಣಗೆ ಒಸರುತ್ತಿರುತ್ತೆ. ಕೂಲೆಂಟ್ ಕೆಳಗೆ ತೊಟ್ಟಿಕ್ಕೋವರೆಗೂ ಓನರ್‌ಗೆ ಗೊತ್ತೇ ಆಗಲ್ಲ. ಅಲ್ಲಿಗೆ ಹನ್ನೊಂದು ಸಾವಿರ ಇದ್ದದ್ದು ನಲವತ್ತಾದರೂ ಆಶ್ಚರ್ಯ ಇಲ್ಲ, ಆಗ ಕ್ಲೈಮ್ ಮಾಡದಿರೋದೇ ನಷ್ಟ. ಆದ್ದರಿಂದ ಕಂಪನಿಗೆ ತಿಳಿಸಿ, ಬಿಚ್ಚಿಸಿ ಎಸ್ಟಿಮೇಟ್ ತಗೊಳ್ಳಿ, ಆಮೇಲೆ ತೀರ್ಮಾನ ಮಾಡಿ. ಬೇಡ ಅನಿಸಿದರೆ ಕ್ಲೈಮ್ ವಾಪಸ್ ತಗೊಂಡು, ಹಣ ಪಡೆದಿಲ್ಲ ಅಂತ ಮೇಲ್ ತರಿಸಿಕೊಳ್ಳಿ. ಹಾನಿ ಅಂದಾಜು ಮಾಡೋ ಸರ್ವೇಯರ್ ಬಂದು ನೋಡಿ ಸರ್ವೇ ಆಗೋ ಮುಂಚೆ ಮಾತ್ರ ಯಾವ ಕೆಲಸವೂ ಶುರು ಮಾಡಿಸಬೇಡಿ.

ಪಾಲಿಸಿಯಲ್ಲಿ ಜೀರೋ ಡೆಪ್ ಇದೆಯಾ ಅಂತಲೂ ನೋಡಿ. ನಾವು ಬಂಪರ್ ಟು ಬಂಪರ್ ಅಂತೀವಲ್ಲ, ಅದೇ. ಅದಿದ್ದರೆ ಆ ಅರ್ಧ ಕಟ್ ಆಗೋದು ಇರಲ್ಲ.

ಇನ್ನೊಂದು ಮಾತು, ಇದನ್ನು ಮನಸಾರೆ ಹೇಳ್ತಿದ್ದೀನಿ. ದನ ಅಡ್ಡ ಬಂತು, ಗೇಟಿಗೆ ತಾಗಿತು ಅಂತ ಹೇಳಿ ಅಂತ ಕೆಲವು ಗ್ಯಾರೇಜಿನವರೇ ಹೇಳಿಕೊಡ್ತಾರೆ. ಬೇಡ. ಸರ್ವೇಯರ್ ಬಂದ ತಕ್ಷಣ ಕಾರಿನ ಮುಂದೆ ಕುಕ್ಕರುಗಾಲಲ್ಲಿ ಕೂತು ಸೀಳಿನ ಅಂಚನ್ನು ಹೆಬ್ಬೆರಳಲ್ಲಿ ಸವರಿ ನೋಡ್ತಾರೆ. ಎದುರಿನ ಕಾರಿನ ಬಣ್ಣ ಅಲ್ಲೇ ಮೆತ್ತಿಕೊಂಡಿರುತ್ತೆ, ಎತ್ತರವೂ ಅವರ ಬಂಪರಿಗೆ ಸರಿಯಾಗಿ ಹೊಂದುತ್ತೆ. ಹಳೇ ಗೀರಾದರೆ ಒಳಗೆ ಧೂಳು ಕೂತಿರುತ್ತೆ. ನಿಂತಿದ್ದ ಕಾರಿಗೆ ಹಿಂದಿನಿಂದ ತಗುಲಿತು ಅಂತ ಇದ್ದದ್ದನ್ನೇ ಬರೆದರೂ ಕ್ಲೈಮ್ ಬರುತ್ತೆ. ಸುಳ್ಳು ಸಿಕ್ಕಿಬಿದ್ದರೆ ಬರಬೇಕಾದ್ದೂ ಹೋಗುತ್ತೆ.

ಮಂಡ್ಯದಿಂದ

ಅಕ್ಕಾ, ಯಾರಿಗೂ ಪೆಟ್ಟಾಗಿಲ್ಲ ಅಂದ್ರಲ್ಲ, ಅದೇ ದೊಡ್ಡದು. ಪೆಟ್ಟಾಗಿದ್ರೆ ಈ ಲೆಕ್ಕಾಚಾರ ಯಾವುದೂ ನಡೆಯಲ್ಲ. ನಮ್ಮ ಭಾವನ ಕಾರು ಸಂಜಯ ಸರ್ಕಲ್ ಹತ್ರ ಒಂದು ಬೈಕಿಗೆ ತಾಗಿ ಹುಡುಗನ ಕಾಲಿಗೆ ಏಟಾಯ್ತು. ಭಾವ ಮೊದ್ಲು ಮಾಡಿದ್ದು ಅವನನ್ನ ಮಿಮ್ಸ್ ಆಸ್ಪತ್ರೆಗೆ ಸೇರಿಸಿದ್ದು, ಆಮೇಲೆ ಠಾಣೆಗೆ ಹೋಗಿದ್ದು, ಅವತ್ತೇ ಕಂಪನಿಗೂ ಬರೆದು ತಿಳಿಸಿದ್ದು. ಮೋಟಾರು ವಾಹನ ಕಾಯ್ದೆ 134ನೇ ಕಲಂ ಹೇಳೋದೂ ಇದನ್ನೇ. ಕೇಸಾಯ್ತು, ಆರ್‌ಟಿಒ ಇನ್ಸ್‌ಪೆಕ್ಟರ್ ನೋಡೋವರೆಗೂ ಕಾರು ಠಾಣೆಲೇ ನಿಂತಿತ್ತು. ಅಲ್ಲೇ ಒಂದಿಷ್ಟು ಕೊಟ್ಟು ಮುಗಿಸ್ಕೊಳ್ಳಿ ಅಂತ ಸುತ್ತ ನಿಂತಿದ್ದೋರೆಲ್ಲ ಹೇಳಿದ್ರು, ಭಾವ ಕೇಳಲಿಲ್ಲ. ಕೆಲವು ತಿಂಗಳು ಕಳೆದು ನ್ಯಾಯಮಂಡಳಿಯಿಂದ ಪರಿಹಾರದ ನೋಟಿಸ್ ಬಂದಾಗ ಕಂಪನಿ ಲಾಯರೇ ನಿಂತು ನಡೆಸಿದ್ರು, ಹುಡುಗನಿಗೆ ದುಡ್ಡು ಕೊಟ್ಟಿದ್ದೂ ಕಂಪನೀನೇ. ಪಾಪ, ಕೂಲಿ ಮಾಡೋ ಹುಡುಗ, ಅವನಿಗೆ ನ್ಯಾಯವಾಗಿ ಸಿಗಬೇಕಾದ್ದು ಸಿಕ್ತು. ಅಲ್ಲೇ ಐದೋ ಹತ್ತೋ ಕೊಟ್ಟು ಕಳಿಸಿದ್ರೆ ಅವನ ಗತಿ ಏನಾಗ್ತಿತ್ತು ಹೇಳಿ.

ನಿಮಗೂ ಅಷ್ಟೇ ಅಕ್ಕ. ಎದುರಿನ ಕಾರಿನೋರು ನಾಳೆ ಕತ್ತು ನೋವು ಅಂತ ಬಂದ್ರೆ ಗಲಾಟೆ ಮಾಡ್ಕೋಬ್ಯಾಡಿ, ಡಾಕ್ಟ್ರ ಹತ್ರ ಕರ್ಕೊಂಡು ಹೋಗಿ, ಕಂಪನಿಗೆ ಇನ್ನೊಂದು ಮೇಲ್ ಹಾಕಿ. ಎರಡೂ ಕಾರಿನ ನಂಬರ್ ಪ್ಲೇಟ್ ಕಾಣೋ ಹಂಗೆ ಫೋಟೋ ಇದ್ಯಾ? ಇಲ್ದಿದ್ರೆ ಇವತ್ತೇ ಅವರನ್ನ ಕೇಳಿ ತಗೊಳ್ಳಿ.

ವಿಜಯನಗರದಿಂದ

ನಿನ್ನೆ ನಡೆದದ್ದು, ಇವತ್ತು ತಿಳಿಸಿದರೆ ತಡವಾಯಿತೇನೋ ಅಂತ ಹೆದರಬೇಡಿ ಮೇಡಂ. ತಡವಾಗಿ ತಿಳಿಸಿದರು ಅನ್ನುವುದೊಂದೇ ಕಾರಣಕ್ಕೆ ನಿಜವಾದ ಕ್ಲೈಮ್ ತಳ್ಳಿಹಾಕಬಾರದು ಅಂತ ವಿಮಾ ಪ್ರಾಧಿಕಾರ 2011ರಲ್ಲೇ ಕಂಪನಿಗಳಿಗೆ ಸುತ್ತೋಲೆ ಕಳಿಸಿದೆ. ಹಾಗಂತ ಮುಂದೂಡಲೂ ಬೇಡಿ. ನನ್ನ ಒಂದು ಕ್ಲೈಮನ್ನು ಕಂಪನಿಯವರು ವಿನಾಕಾರಣ ಎಳೆದಾಡಿದಾಗ ಮೊದಲು ಅವರದೇ ಕುಂದುಕೊರತೆ ಅಧಿಕಾರಿಗೆ, ಆಮೇಲೆ ಪ್ರಾಧಿಕಾರದ ಬಿಮಾ ಭರೋಸಾ ಅನ್ನುವ ಆನ್‌ಲೈನ್ ದೂರು ಪೋರ್ಟಲ್‌ನಲ್ಲಿ ದೂರು ಹಾಕಿದೆ, ಅಲ್ಲಿಗೇ ಇತ್ಯರ್ಥವಾಯಿತು. ಅದಕ್ಕೂ ಬಗ್ಗದಿದ್ದರೆ ಬೆಂಗಳೂರಿನಲ್ಲಿ ವಿಮಾ ದೂರುಗಳನ್ನು ತೀರ್ಮಾನಿಸುವ ವಿಮಾ ಓಂಬುಡ್ಸ್‌ಮನ್ ಇದ್ದಾರೆ, ಶುಲ್ಕ ಇಲ್ಲ, ವಕೀಲರೂ ಬೇಕಿಲ್ಲ.

ಕ್ಲೈಮ್ ಮಾಡಿದಿರಿ ಅನ್ನಿ, ರಿನ್ಯೂವಲ್ ಸಮಯದಲ್ಲಿ ಬೇರೆ ಕಂಪನಿಗೆ ಹೋಗಿ ಬೋನಸ್ ಉಳಿಸಿಕೊಳ್ಳೋಣ ಅಂತ ಏಜೆಂಟರು ಹೇಳಬಹುದು. ಒಪ್ಪಬೇಡಿ. ಹೊಸ ಕಂಪನಿ ಹಳೆಯದನ್ನು ಕೇಳಿ ತಿಳಿದುಕೊಳ್ಳುತ್ತದೆ, ಬೋನಸ್ ಬಗ್ಗೆ ಸುಳ್ಳು ಹೇಳಿದ್ದು ಗೊತ್ತಾದರೆ ಓನ್ ಡ್ಯಾಮೇಜ್ ಭಾಗದ ಯಾವ ಹಕ್ಕೂ ಉಳಿಯುವುದಿಲ್ಲ. ಕ್ಲೈಮ್ ಮಾಡದೆ ಬೋನಸ್ ಉಳಿಸಿಕೊಂಡರೆ, ಪಾಲಿಸಿ ಮುಗಿದ 90 ದಿನದೊಳಗೆ ರಿನ್ಯೂ ಮಾಡಿಸುವುದನ್ನು ಮರೆಯಬೇಡಿ, ಅದು ದಾಟಿದರೆ ಐದು ವರ್ಷದ ಬೋನಸ್ ಹೋಗುತ್ತದೆ.