ಸೈಡ್‌ಮೌಂಟ್ (ಸಿಲಿಂಡರನ್ನು ಬೆನ್ನಿಗಲ್ಲ, ಮೈಯ ಎರಡು ಬದಿಗೆ ಕಟ್ಟಿಕೊಳ್ಳುವ ಸ್ಕೂಬಾ ಡೈವಿಂಗ್): ಅರ್ಧ ಡೈವ್ ಆದಮೇಲೆ ಸಿಲಿಂಡರಿನ ಬುಡ ಏಳುತ್ತೆ, ವಿಂಗ್ (ತೇಲಿಸುವ ಬೆನ್ನಿನ ಗಾಳಿಚೀಲ) ಬದಲಿಸಬೇಕಾ?

ನೀರುಕಾಗೆ:
11 ಲೀಟರಿನ ಎರಡು ಅಲ್ಯೂಮಿನಿಯಂ ಸಿಲಿಂಡರ್, 5 ಎಂಎಂ ದಪ್ಪದ ವೆಟ್‌ಸೂಟ್ (ಮೈ ಬೆಚ್ಚಗಿಡುವ ರಬ್ಬರ್ ಉಡುಪು), 14 ಕೆಜಿ ಎತ್ತುವ ವಿಂಗ್. ಶುರುವಿನಲ್ಲಿ ಎಲ್ಲ ಸರಿ. ಸಿಲಿಂಡರಿನ ಒತ್ತಡ ಅರ್ಧಕ್ಕಿಳಿದು 100 ಬಾರ್ ಹತ್ತಿರ ಬಂದರೆ ಸಿಲಿಂಡರುಗಳ ಬುಡ ಮೇಲೇಳುತ್ತೆ, ವಾಲ್ವ್ ಕಂಕುಳು ಬಿಟ್ಟು ಜೋತುಬೀಳುತ್ತೆ. ವಿಂಗ್ ಕೂಡ ಆಮೆಚಿಪ್ಪಿನ ಹಾಗೆ ಉಬ್ಬುತ್ತೆ. 20 ಕೆಜಿಯದು ತಗೊಳ್ಳಲಾ?

ಬಂಜೀಗಂಟು:
ಬೇಡ. ಲೆಕ್ಕ ಹಾಕಿ ನೋಡಿ. 200 ಬಾರ್ ತುಂಬಿದ ಎರಡು ಸಿಲಿಂಡರಿನ ಗಾಳಿಯೇ ಸುಮಾರು 5.3 ಕೆಜಿ. 30 ಮೀಟರಿನಲ್ಲಿ ವೆಟ್‌ಸೂಟ್ ಅದುಮಿ ಇನ್ನೊಂದು 2–3 ಕೆಜಿ ತೇಲುಬಲ ಹೋಗುತ್ತೆ. ಮುಳುಗಲು ಸೀಸದ ತೂಕ ಸರಿಯಾಗಿ ಕಟ್ಟಿಕೊಂಡಿದ್ದರೆ ವಿಂಗ್ ಎತ್ತಬೇಕಾದದ್ದು ಇಷ್ಟೇ. 14 ಧಾರಾಳ. ಇದಕ್ಕಿಂತ ದೊಡ್ಡದು ಬೆನ್ನ ಮೇಲೆ ಬರೀ ಸಡಿಲ ಬಟ್ಟೆ.

ಬುಡ ಏಳೋದು ಅಲ್ಯೂಮಿನಿಯಂ ಗುಣ. ಖಾಲಿಯಾದಾಗ ಒಂದೊಂದೂ ಎರಡು ಕೆಜಿ ಹತ್ತಿರ ತೇಲುತ್ತೆ. ವಾಲ್ವ್, ರೆಗ್ಯುಲೇಟರ್ ಇರುವ ತುದಿ ಮಾತ್ರ ಭಾರ. ಸೊಂಟದ ಬೆಲ್ಟಿನಲ್ಲಿ ಪ್ರತಿ ಬದಿಗೆ ಎರಡು ಡಿ-ರಿಂಗ್ (ಡಿ ಆಕಾರದ ಲೋಹದ ಬಳೆ) ಇರಲಿ, ಒಂದು ಪಕ್ಕೆಯಿಂದ ಹಿಂದೆ, ಒಂದು ಮುಂದೆ. 100 ಬಾರ್ ಆಸುಪಾಸಿನಲ್ಲಿ ಬುಡದ ಬೋಲ್ಟ್ ಸ್ನ್ಯಾಪನ್ನು (ಸಿಲಿಂಡರ್ ಸಿಕ್ಕಿಸುವ ಕ್ಲಿಪ್) ಹಿಂದಿನದರಿಂದ ಬಿಚ್ಚಿ ಮುಂದಿನದಕ್ಕೆ ಹಾಕಿ. ಒಂದು ಬದಿ ಮುಗಿಸಿಯೇ ಇನ್ನೊಂದು.

ವಾಲ್ವ್ ಜೋತುಬೀಳೋದು ಬಂಜೀ (ವಾಲ್ವನ್ನು ಕಂಕುಳಿಗೆ ಹಿಡಿದಿಡುವ ಹಿಗ್ಗುವ ಹಗ್ಗ) ಉದ್ದವಾಗಿದ್ದಕ್ಕೆ. ಎಳೆಯದೆ ಬಿಟ್ಟಾಗ ಅದು ಕಂಕುಳಲ್ಲೇ ನಿಲ್ಲಬೇಕು, ವಾಲ್ವ್‌ಗೆ ಸಿಕ್ಕಿಸಬೇಕಾದರೆ ಎಳೆಯಲೇಬೇಕು. ಒಂದೇ ಸಲಕ್ಕೆ ಕತ್ತರಿಸಬೇಡಿ. ಗಂಟನ್ನು 2 ಸೆಂ.ಮೀ. ಸರಿಸಿ, ನೀರಿಗಿಳಿದು ನೋಡಿ. ಅತಿ ಬಿಗಿಯಾದರೆ ಸಿಲಿಂಡರ್ ಎದೆಗೆ ಉರುಳಿ ಬರುತ್ತೆ.

ತಳಮೀನು:
ಅಷ್ಟೆಲ್ಲ ಯಾಕೆ, ಸಿಲಿಂಡರಿನ ಬುಡಕ್ಕೆ ಒಂದೊಂದು ಕೆಜಿ ಸೀಸ ಕಟ್ಟಿದರಾಯ್ತು. ಡೈವ್ ಪೂರ್ತಿ ಸ್ನ್ಯಾಪ್ ಮುಟ್ಟೋದೇ ಬೇಡ.

ಬಂಜೀಗಂಟು:
ಕೆಲಸವೇನೋ ಆಗುತ್ತೆ. ಆದರೆ ನಿಮ್ಮ ತೂಕದಲ್ಲಿ ಒಂದು ಪಾಲು ಸಿಲಿಂಡರಿಗೆ ಹೋಯ್ತಲ್ಲ, ಒಂದನ್ನು ಬಿಚ್ಚಿ ಯಾರಿಗಾದರೂ ಕೊಡಬೇಕಾಗಿ ಬಂದರೆ ನೀವು ಮೇಲಕ್ಕೆ ಹೊರಟಿರಿ. ಸೀಸ ಬೆನ್ನುಮೂಳೆಯ ಉದ್ದಕ್ಕಿರುವ ಜೇಬಿನಲ್ಲಿದ್ದರೇ ವಾಸಿ.

ಚಪ್ಪಟೆವಿಂಗ್:
ಉಬ್ಬಿನ ಬಗ್ಗೆ ಯಾರೂ ಹೇಳಲಿಲ್ಲ. ಕ್ರಾಚ್ ಸ್ಟ್ರ್ಯಾಪ್ (ಕಾಲುಗಳ ನಡುವೆ ಹಾಯುವ ಪಟ್ಟಿ) ಸಡಿಲ ಇದ್ದರೆ ಇಡೀ ಹಾರ್ನೆಸ್ (ಮೈಗೆ ಕಟ್ಟುವ ಪಟ್ಟಿಗಳ ಜೋಡಣೆ) ಭುಜದ ಕಡೆ ಜರುಗುತ್ತೆ, ಗಾಳಿಯೂ ಅದರ ಜೊತೆ. ಮೊದಲು ಅದನ್ನು ಬಿಗಿ ಮಾಡಿ. ಆಮೇಲೆ ವಿಂಗಿನ ಎರಡೂ ಕೆಳಮೂಲೆಗಳಿಂದ ತೆಳು ಬಂಜೀ ಹಾಯಿಸಿ, ಹೊಟ್ಟೆಯ ಮುಂದೆ ಬೆಲ್ಟಿಗೆ ಸಿಕ್ಕಿಸಿ. ಅರ್ಧ ಗಾಳಿ ತುಂಬಿ ಕನ್ನಡಿ ಮುಂದೆ ಬಗ್ಗಿ ನಿಂತರೆ ಸಾಕು, ಅಂಚುಗಳು ಪಕ್ಕೆಗೆ ಸುತ್ತಿಕೊಂಡಿವೆಯೋ ಗೂನು ಎದ್ದಿದೆಯೋ ಕಾಣುತ್ತೆ. ವಿಂಗ್ ಕೊಳ್ಳುವುದೇ ಆದರೆ ಸೊಂಟದ ಹತ್ತಿರ ಅಗಲವಾಗಿ, ಭುಜದ ಕಡೆ ಕಿರಿದಾಗಿರುವುದನ್ನು ನೋಡಿ. ಗಾಳಿ ಕೆಳಗೇ ಇದ್ದರೆ ಕಾಲು ಮುಳುಗಲ್ಲ.

ನೀರುಕಾಗೆ:
ಸ್ಟೀಲ್ ಸಿಲಿಂಡರಿಗೂ ಇದೇ ಹಾರ್ನೆಸ್ ನಡೆಯುತ್ತಾ?

ಬಂಜೀಗಂಟು:
ಬೆಲ್ಟಿನ ಡಿ-ರಿಂಗಿಗೆ ಹಾಕಿದರೆ ಬುಡ ನೇತಾಡುತ್ತೆ, ಸ್ಟೀಲ್ ಸಾಮಾನ್ಯವಾಗಿ ಖಾಲಿಯಾದರೂ ಅಷ್ಟಾಗಿ ತೇಲಲ್ಲ. ಹಿಂದೆ, ಪೃಷ್ಠದ ಮೇಲೆ ಕೂರುವ ಬಟ್ ಪ್ಲೇಟ್ ಹಾಕಿಸಿ, ಅದರ ಕಂಬಿಗೆ ಸ್ನ್ಯಾಪ್ ಸಿಕ್ಕಿಸಿ. ದೊಡ್ಡ ವಿಂಗಿನ ಮಾತು ಆಗ ಎತ್ತಿ, ಅದೂ ಸೀಸವನ್ನೆಲ್ಲ ತೆಗೆದು ಮತ್ತೆ ಲೆಕ್ಕ ಹಾಕಿದ ಮೇಲೆ.