ಅಪ್‌ಡೇಟ್: ಸೈಕಾಲಜಿ ಕೋರ್ಸ್ ಕೊನೆಗೂ ಶುರು ಮಾಡಿದೆ

ಬಿ.ಕಾಂ. ಮುಗಿಸಿ ಕೆಲಸದಲ್ಲಿದ್ದೇನೆ, ಸೈಕಾಲಜಿ ಓದೋಕೆ ಯಾವ ಚಿಕ್ಕ ಆನ್‌ಲೈನ್ ಕೋರ್ಸಿನಿಂದ ಶುರು ಮಾಡಲಿ ಅಂತ ಕೇಳಿದ್ದೆನಲ್ಲ, ಅದರ ಮುಂದಿನ ಕಥೆ ಇದು.

ಮನೆಯಲ್ಲೇ ಕೂತು ದೂರಶಿಕ್ಷಣದಲ್ಲಿ ಎಂ.ಎ. ಮಾಡಿಬಿಡಿ ಅಂದಿದ್ದರು ಕೆಲವರು. ಅದು ಆಗಲಿಲ್ಲ. ಸೈಕಾಲಜಿ ಡಿಗ್ರಿಗಳನ್ನು ದೂರಶಿಕ್ಷಣದಲ್ಲೂ ಆನ್‌ಲೈನ್‌ನಲ್ಲೂ ನಡೆಸಬೇಡಿ ಅಂತ ವಿಶ್ವವಿದ್ಯಾಲಯಗಳ ಮೇಲೆ ನಿಗಾ ಇಡುವ ಯುಜಿಸಿ 2025ರ ಜುಲೈ-ಆಗಸ್ಟ್ ಸಾಲಿನಿಂದಲೇ ಹೇಳಿಬಿಟ್ಟಿದೆ! ಯಾರಾದರೂ ಸೀಟು ಕೊಡಿಸ್ತೀವಿ ಅಂದರೆ ದುಡ್ಡು ಕಟ್ಟುವ ಮುಂಚೆ ಸರಿಯಾಗಿ ವಿಚಾರಿಸಿ.

ಪಾಲ್ ಬ್ಲೂಮ್ ಅವರು ಯೇಲ್ ವಿಶ್ವವಿದ್ಯಾಲಯದಲ್ಲಿದ್ದಾಗ ಮಾಡಿದ ಸೈಕಾಲಜಿ ಪಾಠ ಕೋರ್ಸೆರಾ ಅನ್ನೋ ಆನ್‌ಲೈನ್ ಕೋರ್ಸ್ ಸೈಟಿನಲ್ಲಿದೆ ಅಂದವರಿಗೆ ಥ್ಯಾಂಕ್ಸ್, ಕೇಳೋಕೆ ಮಜವಾಗಿದೆ. ಆದರೆ ಯಾವಾಗ ಬೇಕಾದರೂ ನೋಡಬಹುದು ಅಂದರೆ ನಾನು ನಾಳೆ ನಾಳೆ ಅಂತ ತಳ್ಳುವವಳು.

ನನಗೆ ಸರಿಹೋಗಿದ್ದು ಐಐಟಿಗಳು, ಐಐಎಸ್‌ಸಿ ಸೇರಿ ನಡೆಸುವ ಎನ್‌ಪಿಟಿಇಎಲ್ ಅನ್ನೋ ಆನ್‌ಲೈನ್ ಕೋರ್ಸ್ ಸೈಟು. ಪಾಠ ಫ್ರೀ, ಸರ್ಟಿಫಿಕೇಟ್ ಬೇಕಾದವರು ಮಾತ್ರ ಪರೀಕ್ಷೆ ಫೀಸ್ ಕಟ್ಟಬೇಕು. ವಾರವಾರ ಅಸೈನ್‌ಮೆಂಟ್ ಇರುತ್ತೆ, ಕಡೇ ತಾರೀಕು ಇರುತ್ತೆ, ಅದೇ ನನ್ನನ್ನು ಕೂರಿಸಿದ್ದು. ಅಸೈನ್‌ಮೆಂಟ್‌ಗೆ 25 ಅಂಕ, ಪರೀಕ್ಷೆಗೆ 75, ಅದನ್ನು ಸೆಂಟರಿಗೇ ಹೋಗಿ ಬರೀಬೇಕು.

ಇನ್ನೊಂದು, ಈ ಸರ್ಟಿಫಿಕೇಟ್ ಇಟ್ಕೊಂಡು ಕ್ಲಿನಿಕಲ್ ಸೈಕಾಲಜಿಸ್ಟ್ ಅಂತ ಬೋರ್ಡ್ ಹಾಕೋಕಾಗಲ್ಲ. ಅದಕ್ಕೆ ಆರ್‌ಸಿಐ (ಭಾರತೀಯ ಪುನರ್ವಸತಿ ಪರಿಷತ್ತು) ಒಪ್ಪಿದ ಕೋರ್ಸು, ಅಲ್ಲಿ ನೋಂದಣಿ ಎರಡೂ ಬೇಕು. ನನಗೆ ಸದ್ಯ ಈ ವಿಷಯ ಒಗ್ಗುತ್ತಾ ಅಂತ ನೋಡಬೇಕಿತ್ತು, ಒಗ್ಗುತ್ತಿದೆ. ಮುಂದೆ ರೆಗ್ಯುಲರ್ ಎಂ.ಎಸ್ಸಿ.ಗೆ ಬಿ.ಕಾಂ.ನವರನ್ನು ಯಾವ ಕಾಲೇಜು ತಗೊಳ್ಳುತ್ತೆ, ಗೊತ್ತಿದ್ದವರು ಹೇಳಿ.